ಕಿಟಕಿಯಿಂದ ಹಿಡಿದ ಸೀಟು

ಬಸ್ಸು ಹಿಂದಕ್ಕೆ ಸರಿಯುತ್ತ ಪ್ಲಾಟ್‌ಫಾರ್ಮಿಗೆ ಬರುವಾಗ ಕಂಡಕ್ಟರ್ ಸಿಳ್ಳೆ ಊದುತ್ತಾನಲ್ಲ, ಆ ಸಿಳ್ಳೆ ಕೇಳಿದರೆ ಈಗಲೂ ನನ್ನ ಕೈ ತಾನಾಗಿಯೇ ಪಕ್ಕದಲ್ಲಿ ಯಾರಿದ್ದಾರೆಂದು ತಡಕುತ್ತದೆ. ಯಾರೂ ಇಲ್ಲದ ದಿನವೂ ತಡಕುತ್ತದೆ. ಮೊದಲು ಹೀಗಿರಲಿಲ್ಲ. ಮೊದಲು ಆ ಸಿಳ್ಳೆ ಕೇಳಿದರೆ ನನಗೆ ಹುರುಪು ಬರುತ್ತಿತ್ತು. ನನ್ನಷ್ಟು ಬಸ್ಸು ಹತ್ತಿ ಇಳಿದ ಹೆಂಗಸು ಇಂಡಿ ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಶಾಲೆಯ ಪ್ರವಾಸವೆಂದರೆ ಉಳಿದವರಿಗೆಲ್ಲ ಆ ವಾರವೇ ತಲೆನೋವು ಬರುತ್ತಿತ್ತು, ಜವಾಬ್ದಾರಿ ನನ್ನ ಕೊರಳಿಗೆ ಬೀಳುತ್ತಿತ್ತು. ಹತ್ತುವಾಗ ತಲೆ ಎಣಿಸು, ಇಳಿಯುವಾಗ ತಲೆ ಎಣಿಸು, ಊಟಕ್ಕೆ ಕೂತಾಗ ಎಣಿಸು. ಒಂದು ಮಗುವನ್ನೂ ಕಳೆದವಳಲ್ಲ. ಮಗಳು ಚಿಕ್ಕವಳಿದ್ದಾಗ ರಜೆಯಲ್ಲಿ ಮೂವರೂ ತಿರುಗುತ್ತಿದ್ದೆವು, ನಿವೃತ್ತಿಯಾದ ಮೇಲೆ ನಾನೂ ಯಜಮಾನರೂ ಇಬ್ಬರೇ ತಿರುಗಲು ಶುರುಮಾಡಿದೆವು. ಬಾದಾಮಿ, ಹಂಪಿ, ಪಂಢರಪುರ ಬಸ್ಸಿನಲ್ಲಿ. ಪುರಿ, ಕಾಶಿ ರೈಲಿನಲ್ಲಿ. ಒಂದೇ ಚೀಲ, ಅದರಲ್ಲಿ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ನಮ್ಮ ತೋಟದ ಲಿಂಬೆಯ ಉಪ್ಪಿನಕಾಯಿ, ಎರಡು ಹೊದಿಕೆ, ನೀರಿಗೆ ಸ್ಟೀಲಿನ ತಂಬಿಗೆ. ಇಳಿದುಕೊಳ್ಳಲು ಮಠ ಇಲ್ಲವೇ ಧರ್ಮಶಾಲೆ. ಕಾರು ಮಾಡಿಕೊಂಡು ಪ್ರವಾಸ ಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿ. ಇಬ್ಬರನ್ನು ಒಯ್ಯಲು ಒಂದು ಕಾರು, ಅದರ ಹೊಗೆ, ಅದನ್ನು ನಿಲ್ಲಿಸಲು ಜಾಗ, ಅದರ ಡ್ರೈವರನ ಊಟ, ಊಟ ತಡವಾದರೆ ಅವನ ಮುಖ. ದಾರಿಯುದ್ದಕ್ಕೂ ಗಾಜು ಏರಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ಹೋಗಿ, ಊರಿಗೆ ಬಂದು "ಎಲ್ಲಾ ನೋಡಿ ಬಂದೆವು" ಎನ್ನುತ್ತಾರೆ. ಏನು ನೋಡಿದಿರಿ, ನಿಮ್ಮ ಮುಸುಡಿಯನ್ನೇ ನೋಡಿದಿರಿ ಎಂದು ಹೇಳಬೇಕೆನಿಸುತ್ತದೆ. ಒಂದೆರಡು ಸಲ ಹೇಳಿಯೂ ಇದ್ದೇನೆ.

ಇನ್ನು ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವ ಪದ್ಧತಿ. ದಕ್ಷಿಣದ ಕಡೆಯವರಿಗೆ ಹೇಳಿದರೆ ನಗುತ್ತಾರೆ. ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಜನ ಅದರ ಜೊತೆಗೇ ಓಡುತ್ತ ಕಿಟಕಿಯಿಂದ ಒಳಗೆ ಟವೆಲ್ಲು, ದಸ್ತಿ, ಚೀಲ, ಕೈಗೆ ಸಿಕ್ಕಿದ್ದನ್ನು ಒಗೆಯುತ್ತಾರೆ. ಟವೆಲ್ಲು ಬಿದ್ದ ಸೀಟು ಟವೆಲ್ಲಿನವರದು. ಬಾಗಿಲಿನಿಂದ ಮೊದಲು ಒಳಗೆ ಬಂದವನು ಅದನ್ನು ನೋಡಿ ಗೊಣಗುತ್ತಾನೆ, ಆದರೆ ಎತ್ತಿ ಒಗೆಯುವುದಿಲ್ಲ. ಟವೆಲ್ಲಿಗಿಂತ ಗಟ್ಟಿ ಹಕ್ಕೆಂದರೆ ಮಗುವಿನದು. ಮನೆಯಲ್ಲಿ ಹಗುರಾದ ಒಂದು ಮಗುವಿದ್ದರೆ ಗಾಜು ಸರಿಸಿ ಅದನ್ನೇ ಎತ್ತಿ ಒಳಗೆ ಬಿಡುತ್ತಾರೆ. ಮಗು ಒಂದು ಸೀಟಿನಲ್ಲಿ ಕುಳಿತು, ಪಕ್ಕದ ಸೀಟಿನ ಮೇಲೆ ಟವೆಲ್ಲು ಹಾಸಿ ಕಾಯುತ್ತದೆ. ದೊಡ್ಡವರು ನಿಧಾನವಾಗಿ ಬಾಗಿಲಿನಿಂದ ನುಗ್ಗಿ ಬಂದು ಕೂರುತ್ತಾರೆ. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಎಂದಾದ ಮೇಲೆ ಗದ್ದಲ ಹೆಚ್ಚಿ ಈ ಪದ್ಧತಿ ಇನ್ನಷ್ಟು ಜೋರಾಯಿತು. ಇದರಲ್ಲಿ ತಪ್ಪಿದೆಯೆಂದು ನನಗಾಗಲಿ ನಮ್ಮ ಯಜಮಾನರಿಗಾಗಲಿ ಯಾವತ್ತೂ ಅನ್ನಿಸಿದ್ದಿಲ್ಲ.

ಕಳೆದ ಚಳಿಗಾಲದಲ್ಲಿ ಮಗಳು ಎರಡನೆಯ ಬಾಣಂತನಕ್ಕೆ ಇಂಡಿಗೆ ಬಂದಿದ್ದಳು. ದೊಡ್ಡ ಮೊಮ್ಮಗಳಿಗೆ ಏಳು ವರ್ಷ, ಅವಳ ಬಾಯಲ್ಲಿ ನಾನು ಆಯಿ, ಯಜಮಾನರು ಮುತ್ಯಾ. ತಮ್ಮ ಹುಟ್ಟಿದಾಗಿನಿಂದ ತನ್ನನ್ನು ಯಾರೂ ನೋಡುವುದಿಲ್ಲ ಎಂಬ ಸಿಟ್ಟು ಅವಳಿಗೆ. ಕೂಸು ಮಲಗಿದ ಹೊತ್ತಿಗೇ ಸರಿಯಾಗಿ ತಾಟು ಬಡಿಯುತ್ತಿದ್ದಳು. ಮಗಳಿಗೆ ನಿದ್ದೆಯಿಲ್ಲ, ಕಣ್ಣ ಕೆಳಗೆ ಕಪ್ಪು. ನನ್ನ ತಂಗಿಯನ್ನು ಮನೆಯಲ್ಲಿ ಜೊತೆಗೆ ಇಟ್ಟು, ಎರಡು ದಿನ ಈ ಹುಡುಗಿಯನ್ನು ಹೊರಗೆ ಕರೆದುಕೊಂಡು ಹೋಗಿ ಬರೋಣವೆಂದು ನಾವಿಬ್ಬರೂ ಯೋಚಿಸಿದೆವು. ಅವಳಿಗೆ ಆಲಮಟ್ಟಿಯ ಆಣೆಕಟ್ಟು, ಅಲ್ಲಿಯ ತೋಟ, ನೀರಿನ ಕಾರಂಜಿ ನೋಡುವ ಆಸೆ. ನಾನು ಹಾದಿ ಹಾಕಿದೆ: ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ಮುದ್ದೇಬಿಹಾಳ, ಅಲ್ಲಿಂದ ಆಲಮಟ್ಟಿ, ರಾತ್ರಿ ಬಸವನ ಬಾಗೇವಾಡಿಯಲ್ಲಿ ವಸ್ತಿ, ಮರುದಿನ ಮನೆಗೆ. ಸುತ್ತು ಹಾದಿ ನಿಜ. ಆದರೆ ತನ್ನ ತಾಯಿಯ ಜಿಲ್ಲೆಯನ್ನು ಹುಡುಗಿ ಒಂದು ಸಲ ಕಣ್ಣು ತುಂಬ ನೋಡಲಿ ಎಂದು ನನ್ನ ಹಟ.

ಅಳಿಯ ಫೋನಿನಲ್ಲಿ, "ಕಾರ್ ಮಾಡಿ ಕಳಸ್ತೇನ್ರಿ ಅತ್ತ್ಯಾರ, ಹುಡಿಗಿ ದಣೀತಾಳ" ಎಂದ.

"ನಿಮ್ಮ ಮಗಳಿಗೆ ಕಾಲ ಅದಾವ್ರಿ, ನಮಗ ಬಸ್ಸ ಐತ್ರಿ" ಎಂದೆ. ಅಳಿಯನಿಗೆ ಹಾಗೆ ಮಾತಾಡಬಾರದಿತ್ತು ಎಂದು ಯಜಮಾನರು ಆಮೇಲೆ ಗೊಣಗಿದರು.

ಸಿಂದಗಿಯವರೆಗೆ ಎಲ್ಲ ಚೆನ್ನಾಗಿತ್ತು. ಬೆಳಗಿನ ಚಳಿ, ಎರಡೂ ಕಡೆ ಎದೆಯೆತ್ತರದ ಜೋಳ, ನಡುನಡುವೆ ಕೊಯ್ಯಲು ಬಂದ ತೊಗರಿ. ಮೊಮ್ಮಗಳು ಕೆಂಪು ಸ್ವೆಟರ್ ಹಾಕಿಕೊಂಡು ನನ್ನ ತೊಡೆಯ ಮೇಲೆ ಕುಳಿತು ಹಾದಿಯ ಮೈಲಿಗಲ್ಲುಗಳನ್ನೆಲ್ಲ ಓದಿದಳು.

ಸಿಂದಗಿಯ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದುವೆಗಳ ದಿನ. ರೇಷ್ಮೆ ಸೀರೆ ಉಟ್ಟವರು, ಉಡುಗೊರೆಯ ಆಹೇರಿನ ಪಾತ್ರೆ ಹೊತ್ತವರು, ಅಳುವ ಮಕ್ಕಳು. "ಮುದ್ದೇಬಿಹಾಳ ಗಾಡಿ ಬಂತು" ಎಂದು ಯಾರೋ ಕೂಗಿದರು. ನೋಡಿದರೆ ಎರಡು ಬಸ್ಸುಗಳು ಒಟ್ಟಿಗೇ ಹಿಂದಕ್ಕೆ ಸರಿಯುತ್ತ ಬರುತ್ತಿದ್ದವು. ಊರಿನ ಬೋರ್ಡು ಮುಂದಿನ ಗಾಜಿಗೆ, ನಾವು ನಿಂತದ್ದು ಹಿಂದೆ. ಯಜಮಾನರು ಮೊಮ್ಮಗಳನ್ನು ಕಂಕುಳಿಗೆ ಏರಿಸಿಕೊಂಡು ಆ ಎರಡೂ ಬಸ್ಸುಗಳ ನಡುವೆ ನುಗ್ಗಿದರು. ಚೀಲ ಹಿಡಿದುಕೊಂಡು ನಾನು ಅವರ ಬೆನ್ನಿಗೆ.

ಅಲ್ಲಿ ಆದದ್ದನ್ನು ಆಮೇಲೆ ಎಷ್ಟು ಸಲ ಮನಸ್ಸಿನಲ್ಲೇ ಮಾಡಿ ನೋಡಿದ್ದೇನೋ. ಎರಡು ಬಸ್ಸುಗಳ ನಡುವೆ ಸಣ್ಣ ಸಂದು. ಆ ಸಂದಿನ ಒಂದು ಬದಿಗೆ ಒಂದು ಬಸ್ಸಿನ ಕಿಟಕಿಗಳು. ಎದುರು ಬದಿಗೆ ಇನ್ನೊಂದು ಬಸ್ಸಿನ ಬಾಗಿಲು. ಇವರು ಕಿಟಕಿಯ ಗಾಜು ಸರಿಸಿ ಹುಡುಗಿಯನ್ನು ಒಳಗೆ ಬಿಟ್ಟರು, ಹೆಗಲ ಮೇಲಿನ ಟವೆಲ್ಲನ್ನು ಅವಳ ಕೈಗೆ ಕೊಟ್ಟರು. "ಎರಡ ಸೀಟ ಹಿಡಿ. ನಾವು ಬರೂತನಕ ಏಳಬ್ಯಾಡ" ಎಂದರು. ತಿರುಗಿದರೆ ಕಣ್ಣೆದುರಿಗೇ ಬಾಗಿಲು. ಹಿಂದಿನಿಂದ ಮದುವೆಯ ಜನ ನೂಕಿದರು. ನಾವು ಹತ್ತಿಬಿಟ್ಟೆವು. ಮಗುವನ್ನು ಬಿಟ್ಟದ್ದು ಒಂದು ಬಸ್ಸಿನೊಳಗೆ, ನಾವು ಹತ್ತಿದ್ದು ಪಕ್ಕದ ಬಸ್ಸನ್ನು.

ಒಳಗೆ ಹೋಗಿ ನಾನು ಎರಡೂ ಬದಿಯ ಸೀಟುಗಳನ್ನು ನೋಡಿದೆ. ಕೆಂಪು ಸ್ವೆಟರ್ ಇಲ್ಲ. ಹಿಂದೆ ಇರಬಹುದೆಂದು ಹಿಂದಕ್ಕೆ ತೂರಿದೆ. ಅಲ್ಲೂ ಇಲ್ಲ. "ಹುಡಿಗಿ ಎಲ್ಲಿ ಅದಾಳ್ರೀ?" ಎಂದು ಯಜಮಾನರನ್ನು ಕೇಳಿದೆ. ಅವರು, "ಇಲ್ಲೇ ಬಿಟ್ಟೇನಲ್ಲ, ಈ ಕಿಡಕ್ಯಾಗ" ಎಂದು ತೋರಿಸಿದ ಕಿಟಕಿಯಲ್ಲಿ ಒಬ್ಬ ಮೀಸೆಯ ಗಂಡಸು ಕುಳಿತು ನಮ್ಮನ್ನೇ ನೋಡುತ್ತಿದ್ದ. ಆಗ ಕಂಡಕ್ಟರ್, "ಬಿಜಾಪುರ, ಬಿಜಾಪುರ" ಎಂದು ಕೂಗಿದ. ನಾನು ಬಾಗಿಲಿಗೆ ತಿರುಗಿದೆ.

ಹತ್ತುವವರ ಎದುರು ಇಳಿಯುವುದೆಂದರೆ ಏನೆಂದು ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತು. ನಾನು ಕೂಗಿದೆನೋ, ಯಾರನ್ನಾದರೂ ಗುದ್ದಿದೆನೋ, ನೆನಪಿಲ್ಲ. ಕೆಳಗಿಳಿದು ನೋಡಿದರೆ ಪಕ್ಕದ ಜಾಗ ಖಾಲಿ. ಡೀಸೆಲ್ ಹೊಗೆ ಇನ್ನೂ ಅಲ್ಲೇ ಇತ್ತು.

"ಯಾವ ಗಾಡಿರೀ ಅದು?" ಎಂದು ಯಜಮಾನರನ್ನು ಕೇಳಿದೆ.

"ಕೆಂಪಂದು."

"ಎಲ್ಲಾವೂ ಕೆಂಪ ಅದಾವ" ಎಂದು ಚೀರಿದೆ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತ ನನ್ನ ದನಿ ಅಂದು ಯಾರದೋ ದನಿಯಾಗಿತ್ತು. ಯಜಮಾನರ ಕೈ ಗಾಳಿಯಲ್ಲಿ ಇನ್ನೂ ಮಗುವನ್ನು ಎತ್ತಿ ಹಿಡಿದ ಅಳತೆಯಲ್ಲೇ ಇತ್ತು. ಅದನ್ನು ನೋಡಿ ನನಗೆ ಬೈಯುವುದಕ್ಕೂ ಬಾಯಿ ಬರಲಿಲ್ಲ.

ಕಂಟ್ರೋಲರನ ಕೋಣೆಗೆ ಓಡಿದೆವು. ಅವನು ಒಳ್ಳೆಯ ಮನುಷ್ಯ, ಮೊದಲು ನೀರು ಕೊಟ್ಟ. "ಇದೀಗ ಎರಡ ಗಾಡಿ ಬಿಟ್ಟಾವ್ರಿ ಅಕ್ಕಾರ. ಒಂದು ಮುದ್ದೇಬಿಹಾಳ, ಒಂದು ಕಲಬುರ್ಗಿ. ನೀವು ಹುಡಿಗೀನ ಯಾವುದರಾಗ ಬಿಟ್ರಿ?"

ನಮಗೆ ಗೊತ್ತಿರಲಿಲ್ಲ, ಬೋರ್ಡನ್ನು ಇಬ್ಬರೂ ನೋಡಿರಲಿಲ್ಲ. ಒಂದು ದಕ್ಷಿಣಕ್ಕೆ ಹೋಗುವ ಹಾದಿ, ಇನ್ನೊಂದು ಅದಕ್ಕೆ ಬೆನ್ನು ಹಾಕಿ ಮೂಡಣಕ್ಕೆ. ಎರಡೂ ಬಸ್ಸು ಬೇರೆ ಡಿಪೋದವು, ಕಂಡಕ್ಟರರ ಫೋನ್ ನಂಬರ್ ಅವನ ಬಳಿ ಇರಲಿಲ್ಲ. ಮುಂದಿನ ನಿಲ್ದಾಣಗಳಿಗೆ ಫೋನ್ ಹಚ್ಚುತ್ತೇನೆ, ಡಿಪೋಕ್ಕೂ ಹಚ್ಚುತ್ತೇನೆ ಎಂದ. ಅಷ್ಟರಲ್ಲಿ ಹುಡುಗಿ ಅಳುತ್ತ ದಾರಿಯಲ್ಲೆಲ್ಲೋ ಇಳಿದುಬಿಟ್ಟರೆ? ಯಾರಾದರೂ "ಬಾ, ನಿಮ್ಮ ಆಯಿ ಕಡೆ ಕರಕೊಂಡು ಹೋಗ್ತೇನಿ" ಎಂದರೆ? ಇದನ್ನು ನಾನು ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದರೆ ಆಗಿಬಿಡುತ್ತದೆ ಎಂದು ಅಂಜಿದೆ.

ಯಜಮಾನರು ಅಲ್ಲೇ ನಿಲ್ಲುವುದು, ಹುಡುಗಿಯನ್ನು ಯಾರಾದರೂ ತಿರುಗಿ ಕರೆತಂದರೆ ಮನೆಯವರೊಬ್ಬರು ಇರಬೇಕು. ನಾನು ಮುದ್ದೇಬಿಹಾಳದ ಹಾದಿ ಹಿಡಿಯುವುದು, ಕಲಬುರ್ಗಿಯ ಹಾದಿಯನ್ನು ಕಂಟ್ರೋಲರನ ಫೋನಿಗೆ ಬಿಡುವುದು ಎಂದಾಯಿತು. ಮುಂದಿನ ಬಸ್ಸಿಗೆ ಬಹಳ ಹೊತ್ತಿತ್ತು. ನಿಲ್ದಾಣದ ಹೊರಗೆ ಅದೇ ಹಾದಿಯ ತಾಳಿಕೋಟೆಗೆ ಹೋಗುವ ಕ್ರೂಸರ್ ಜೀಪು ನಿಂತಿತ್ತು. ಒಳಗೆ ಅರ್ಧ ಜನ. ಡ್ರೈವರ್ ಬಾಗಿಲಿಗೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ.

"ಲಗೂನ ಬಿಡಪಾ" ಎಂದೆ.

"ಇನ್ನೂ ಮೂರ್ನಾಕ ಸೀಟ ಆಗಬೇಕ್ರಿ, ಹಂಗ ಹೆಂಗ ಬಿಡೂದು?"

ತುಂಬಿದ ಮೇಲೆಯೇ ಬಿಡುವ ಈ ಜೀಪುಗಳನ್ನು ನಾನು ಎಷ್ಟು ಜನರ ಮುಂದೆ ಹೊಗಳಿದ್ದೆ. ಒಂದು ಖಾಲಿ ಸೀಟೂ ಓಡುವುದಿಲ್ಲ, ಒಂದು ಹನಿ ಎಣ್ಣೆಯೂ ಹಾಳಾಗುವುದಿಲ್ಲ, ಇದೇ ಬಡವರ ವಿಮಾನ ಎಂದೆಲ್ಲ. ಈಗ ಆ ಖಾಲಿ ಸೀಟುಗಳನ್ನು ನೋಡಿ ಜೀವ ಬಾಯಿಗೆ ಬಂತು. "ಆ ಸೀಟೆಲ್ಲಾ ನಾನಽ ಅಂತ ತಿಳಕೊ. ನಮ್ಮ ಮೊಮ್ಮಗಳು ಒಬ್ಬಾಕೆ ಬಸ್ಸಿನ್ಯಾಗ ಹೋಗ್ಯಾಳ" ಎಂದು ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವನು ಬಾಯಲ್ಲಿದ್ದುದನ್ನು ಉಗುಳಿ ಗಾಡಿ ಚಾಲೂ ಮಾಡಿದ. ಟೀ ಕುಡಿಯಲು ಇಳಿದಿದ್ದ ಒಬ್ಬ ಪ್ರಯಾಣಿಕ ಹಿಂದಿನಿಂದ ಓಡಿ ಬಂದು ಜೋತುಬಿದ್ದ.

ನನ್ನ ಪಕ್ಕದಲ್ಲಿ ಮಡಿಲಲ್ಲಿ ಮೆಂತೆಪಲ್ಲೆಯ ಗಂಟು ಇಟ್ಟುಕೊಂಡ ಹೆಂಗಸು ಕುಳಿತಿದ್ದಳು. ನಾನು ಅಳುವುದನ್ನು ಸ್ವಲ್ಪ ಹೊತ್ತು ನೋಡಿದಳು. "ಯಕ್ಕಾ, ಅತ್ತರ ಸಿಗ್ತಾಳೇನು? ಕಣ್ಣ ಒರಸ್ಕೊಂಡು ಹೊರಗ ನೋಡು. ಎಲ್ಲೆರೆ ಇಳದ ನಿಂತಿದ್ರ ಕಾಣಬೇಕಲಾ" ಎಂದಳು. ಗದರಿದಂತೆಯೇ ಹೇಳಿದಳು. ನಾನು ಎಡಕ್ಕೆ ನೋಡಿದೆ, ಅವಳು ಬಲಕ್ಕೆ ನೋಡಿದಳು. ಹಾದಿಯ ಪ್ರತಿ ಊರಿನ ತಂಗುದಾಣದಲ್ಲಿ ನನ್ನ ಕಣ್ಣು ಕೆಂಪು ಬಣ್ಣ ಹುಡುಕಿತು. ಕೆಂಪು ಬಣ್ಣ ಎಷ್ಟಿರುತ್ತದೆ ಈ ಲೋಕದಲ್ಲಿ ಎಂದು ಅಂದೇ ತಿಳಿದದ್ದು. ಒಣಹಾಕಿದ ಸೀರೆ, ಮೆಣಸಿನಕಾಯಿ ರಾಶಿ, ಬಾಗಿಲಿನ ಬಣ್ಣ, ಪ್ರತಿ ಸಲವೂ ಹೊರಗೆ ಬಗ್ಗಿ ನೋಡಿ ಮತ್ತೆ ಒರಗುತ್ತಿದ್ದೆ. ಒಂದು ಕಡೆ ರಸ್ತೆಯ ಪಕ್ಕಕ್ಕೇ ಕಾಲುವೆ, ತುಂಬಿ ಹರಿಯುತ್ತಿತ್ತು. ಅದನ್ನು ದಾಟುವವರೆಗೆ ನಾನು ಉಸಿರು ಬಿಡಲಿಲ್ಲ.

ಜೀಪಿನಲ್ಲಿದ್ದವರೆಲ್ಲ ತಮ್ಮ ತಮ್ಮ ಫೋನ್ ತೆಗೆದರು. ಒಬ್ಬನ ಅಳಿಯ ತಾಳಿಕೋಟೆಯಲ್ಲಿ ಬಾಳೆಹಣ್ಣು ಮಾರುತ್ತಾನೆ, ಇನ್ನೊಬ್ಬಳ ಅಣ್ಣ ಅಲ್ಲಿಯ ನಿಲ್ದಾಣದ ಹತ್ತಿರವೇ ಹೋಟೆಲಿನಲ್ಲಿದ್ದಾನೆ. "ಕೆಂಪ ಸ್ವೆಟರ, ಕೈಯಾಗ ಟಾವೆಲ್ ಐತಿ, ಏಳ ವರ್ಷದಾಕಿ" ಎಂಬ ಮಾತು ನನ್ನ ಸುತ್ತ ನಾಲ್ಕು ಬಾಯಿಗಳಲ್ಲಿ ಕೇಳುತ್ತಿತ್ತು. ನನಗೆ ಸ್ವಲ್ಪ ಧೈರ್ಯ ಬಂತು. ಅರ್ಧ ಹಾದಿಯಲ್ಲಿ ಬಾಳೆಹಣ್ಣಿನವನ ಫೋನ್ ಬಂತು. ಜೀಪಿನಲ್ಲಿದ್ದ ಅವನ ಮಾವ ಕೇಳಿಸಿಕೊಂಡು ಫೋನನ್ನು ನಿಧಾನವಾಗಿ ಅಂಗಿಯ ಕಿಸೆಗೆ ಇಟ್ಟ. ನನ್ನ ಮುಖ ನೋಡಲಿಲ್ಲ.

"ಏನಂದಾರ್ರಿ?" ಎಂದೆ.

"ಮುದ್ದೇಬಿಹಾಳ ಗಾಡಿ ಬಂದಿತ್ತಂತ. ನಿಲ್ದಾಣದ ಸಾಹೇಬ್ರು ಒಳಗ ಹತ್ತಿ, ಕಳಕೊಂಡ ಹುಡಿಗಿ ಯಾರರೆ ಅದಾಳೇನು ಅಂತ ಎರಡ ಸಲ ಒದರ‍್ಯಾರಂತ. ಯಾರೂ ಇಲ್ಲ ಅಂದ್ರಂತ. ಗಾಡಿ ಮುಂದ ಹೋತಂತ."

ಅಂದರೆ ಕಲಬುರ್ಗಿಯ ಬಸ್ಸು. ಇಲ್ಲವೇ ಹಾದಿಯಲ್ಲಿ ಇಳಿದಿದ್ದಾಳೆ, ನಾವು ನೋಡದೆ ದಾಟಿ ಬಂದಿದ್ದೇವೆ. ಇಲ್ಲವೇ ಯಾರೋ ಇಳಿಸಿಕೊಂಡು ಹೋಗಿದ್ದಾರೆ. ಈ ಮೂರರಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯದೆ ನಾನು ಮೂರನ್ನೂ ನಂಬಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಸರಿಯಾಗಿ ಆಗಲೇ ನನ್ನ ಫೋನ್ ಬಡಿದುಕೊಂಡಿತು. ಮಗಳದು.

"ಅವ್ವಾ, ಸಿಂದಗಿ ದಾಟಿದ್ರಿ? ಆಕೀ ಕೈಯಾಗ ಫೋನ ಕೊಡು."

"ಮಲಗ್ಯಾಳವಾ. ಎಬ್ಬಸೂದು ಬ್ಯಾಡ ಈಗ."

"ಈ ಹೊತ್ನ್ಯಾಗ ಮಲಗೂದಿಲ್ಲಲ ಆಕಿ?"

"ಗಾಳಿಗೆ ಮಲಗ್ಯಾಳ" ಎಂದೆ. ಅಷ್ಟು ಸಹಜವಾಗಿ ಸುಳ್ಳು ಬಂದದ್ದಕ್ಕೆ ನನಗೇ ಹೆದರಿಕೆಯಾಯಿತು. ಆ ಕಡೆ ಕೂಸು ಅತ್ತಿತು, ಮಗಳು ಫೋನ್ ಇಟ್ಟಳು. ಇನ್ನು ಮುಂದೆ ಅವಳಿಗೆ ಏನೆಂದು ಹೇಳಲಿ, ಯಾವ ಬಾಯಿಂದ ಹೇಳಲಿ? ಬಸ್ಸು, ರೊಟ್ಟಿಯ ಗಂಟು, ಮಠದ ವಸ್ತಿ, ನನ್ನ ಹಟ, ಎಲ್ಲಕ್ಕೂ ಬೆಂಕಿ ಬೀಳಲಿ ಅನ್ನಿಸಿತು. ಅಳಿಯ ಕಳಿಸುತ್ತೇನೆಂದಿದ್ದ ಕಾರು ಕಣ್ಣ ಮುಂದೆ ಬಂತು. ಬಿಳಿಯ ಕಾರು, ನಾಲ್ಕು ಬಾಗಿಲು, ಒಳಗೆ ನಿದ್ದೆ ಮಾಡುವ ನನ್ನ ಮೊಮ್ಮಗಳು.

ತಾಳಿಕೋಟೆಯಲ್ಲಿ ಜನ ಇಳಿದರು. ಡ್ರೈವರನ ಪಾಳಿ ಅಲ್ಲಿಗೇ ಮುಗಿಯುತ್ತಿತ್ತು. ಅವನು ಇಂಜಿನ್ ನಿಲ್ಲಿಸಲಿಲ್ಲ. "ಕೂಡ್ರಿ ಅಕ್ಕಾರ, ಮುದ್ದೇಬಿಹಾಳತನಕ ನೋಡೇ ಬರೂನು" ಎಂದ. ಮೆಂತೆಪಲ್ಲೆಯ ಹೆಂಗಸು ಗಂಟನ್ನು ಬಾಳೆಹಣ್ಣಿನವನ ಅಂಗಡಿಯಲ್ಲಿಟ್ಟು ಮತ್ತೆ ಬಂದು ನನ್ನ ಪಕ್ಕ ಕುಳಿತಳು.

ಮುದ್ದೇಬಿಹಾಳ ಹತ್ತಿರವಾದಾಗ ಮತ್ತೆ ಫೋನ್. ಈ ಸಲ ಯಜಮಾನರದು. ಕೈಯಲ್ಲಿ ಹಿಡಿದುಕೊಂಡು ನೋಡುತ್ತ ಕುಳಿತೆ. ಎತ್ತಲು ಬೆರಳು ಬರಲಿಲ್ಲ. ಎತ್ತುವವರೆಗೆ ನನ್ನ ಮೊಮ್ಮಗಳಿಗೆ ಏನೂ ಆಗಿರುವುದಿಲ್ಲ. ಎತ್ತಿದ ಮೇಲೆ ಏನಾಗಿದೆಯೋ. ಅದು ಬಡಿದುಕೊಂಡು ನಿಂತಿತು. ಮತ್ತೆ ಬಡಿದುಕೊಂಡಿತು. ಪಕ್ಕದವಳು ನನ್ನ ಕೈಯಿಂದ ಕಸಿದುಕೊಂಡು ಕಿವಿಗೆ ಹಿಡಿದಳು. "ಹೂನ್ರಿ. ಹೂನ್ರಿ. ಇಲ್ಲೇ ಅದಾರ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅದಾಳಂತ. ಮುದ್ದೇಬಿಹಾಳದಿಂದ ಕಂಟ್ರೋಲರಗ ಫೋನ ಬಂತಂತ, ಆ ಗಾಡ್ಯಾಗ ಅದಾಳಂತ. ಇಳಿ ಅಂದ್ರ ಇಳಿವಲ್ಲಳಂತ" ಎಂದಳು. ನಾನು ನಂಬಲಿಲ್ಲ. ಕಣ್ಣಾರೆ ನೋಡುವವರೆಗೆ ನಂಬುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ನಿಲ್ದಾಣದ ಮೂಲೆಯಲ್ಲಿ ಖಾಲಿ ಬಸ್ಸು. ಕೆಳಗೆ ಕಂಡಕ್ಟರ್, ಕೈಯಲ್ಲಿ ಬಿಸ್ಕೀಟಿನ ಪುಡಿಕೆ. "ನಿಮ್ಮ ಮೊಮ್ಮಗಳೇನ್ರಿ ಇಕಿ? ಯಾರ ಜೋಡಿ ಬಂದಿ ಅಂತ ಕೇಳಿದ್ರ ಮುತ್ಯಾ ಹಿಂದ ಬರಾಕತ್ತಾನ ಅಂದ್ಳು. ಗದ್ದಲದಾಗ ನಾನೂ ಖರೇನ ಅಂತ ತಿಳದೆ. ಎಲ್ಲಾರೂ ಇಳದ್ರೂ ಇಳಿವಲ್ಲಳು, ಬಿಸ್ಕೀಟ್ ಕೊಟ್ರ ತೊಗೊಳ್ಳವಲ್ಲಳು" ಎಂದ.

ಹತ್ತಿ ನೋಡಿದೆ. ಮೂರನೆಯ ಸಾಲಿನ ಸೀಟಿನಲ್ಲಿ ಕೆಂಪು ಸ್ವೆಟರ್. ಪಕ್ಕದ ಸೀಟಿನ ಮೇಲೆ ಟವೆಲ್ಲು ಹಾಸಿ ಅದರ ಮೇಲೆ ಕಾಲು ಚಾಚಿದ್ದಳು. ಅಷ್ಟು ಗದ್ದಲದಲ್ಲಿ, ಅಷ್ಟು ದೂರ, ಆ ಸೀಟನ್ನು ಯಾರಿಗೂ ಕೊಟ್ಟಿರಲಿಲ್ಲ.

"ಆಯಿ, ಎಷ್ಟ ತಡಾ ಮಾಡಿದಿ" ಎಂದಳು.

ಅವಳನ್ನು ಎದೆಗೆ ಅವುಚಿಕೊಂಡೆ. ಉಸಿರು ಕಟ್ಟಿತೆಂದು ಅವಳು ಕೊಸರಿಕೊಂಡಳು. ತಾಳಿಕೋಟೆಯಲ್ಲಿ ಸಾಹೇಬರು ಬಂದು ಕೂಗಿದಾಗ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಅವರು ಕಳಕೊಂಡ ಹುಡಿಗಿ ಎಲ್ಲಿ ಅಂದ್ರು. ನಾ ಎಲ್ಲಿ ಕಳದ ಹೋಗಿದ್ದೆ? ನಾ ಸೀಟಿನ್ಯಾಗ ಇದ್ದೆ."

ಮೆಂತೆಪಲ್ಲೆಯ ಹೆಂಗಸು ಬಾಗಿಲಲ್ಲಿ ನಿಂತು ಇದನ್ನು ಕೇಳಿ ಜೋರಾಗಿ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ನನಗೆ ಹೇಳದೆಯೇ ಜೀಪು ಹತ್ತಿ ಹೋದಳು. ಅವಳ ಊರು ಯಾವುದೆಂದು ಕೂಡ ನಾನು ಕೇಳಿರಲಿಲ್ಲ. ಕಾರಿನಲ್ಲಿ ಬಂದಿದ್ದರೆ ಹುಡುಗಿ ಕಳೆಯುತ್ತಲೇ ಇರಲಿಲ್ಲ, ಅದು ನಿಜ. ಹೀಗೆ ಹುಡುಕಿಕೊಡುವವರೂ ಇರುತ್ತಿರಲಿಲ್ಲ, ಅದೂ ನಿಜ. ಇವೆರಡರ ಲೆಕ್ಕ ನನಗೆ ಇನ್ನೂ ಹತ್ತಿಲ್ಲ.

ಸಿಕ್ಕ ಮೇಲೆ ಅಂಜಿಕೆ ಹೋಗಬೇಕಿತ್ತು. ಹೋಗಲಿಲ್ಲ, ಹೆಚ್ಚಾಯಿತು. ಯಜಮಾನರು ಮುಂದಿನ ಬಸ್ಸಿಗೆ ಬಂದು ಸೇರಿದರು, ಹುಡುಗಿಯ ಹಟಕ್ಕೆ ಆಲಮಟ್ಟಿಗೂ ಹೋದೆವು. ಅಲ್ಲಿ ನೀರು ಎಷ್ಟಿತ್ತು, ತೋಟದಲ್ಲಿ ಏನಿತ್ತು, ಕಾರಂಜಿ ಹಾರಿತೋ ಇಲ್ಲವೋ, ನನ್ನನ್ನು ಕೇಳಿದರೆ ಹೇಳಲಾರೆ. ಅವಳ ಮುಂಗೈಯನ್ನು ಹಿಡಿದುಕೊಂಡೇ ಇದ್ದೆ. "ನೋಯತೈತಿ ಆಯಿ" ಎಂದಾಗ ಬಿಟ್ಟು ನೋಡಿದರೆ ನನ್ನ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು. ಬಾಗೇವಾಡಿಯಲ್ಲಿ ಮಠದ ಕೋಣೆಗೆ ಒಳಗಿನಿಂದ ಅಗುಳಿ ಹಾಕಿ, ಅದರ ಮೇಲೆ ಕುರ್ಚಿಯನ್ನೂ ಒತ್ತಿಟ್ಟೆ. ಮರುದಿನ ಬಾಗೇವಾಡಿಯಿಂದ ವಿಜಯಪುರ, ವಿಜಯಪುರದಿಂದ ಇಂಡಿ, ಎರಡೂ ಬಸ್ಸಿನಲ್ಲಿ ಉಳಿದವರೆಲ್ಲ ಹತ್ತಿದ ಮೇಲೆ ನಾವು ಹತ್ತಿದೆವು. ಉದ್ದಕ್ಕೂ ನಿಂತೇ ಬಂದೆವು, ಹುಡುಗಿ ನಮ್ಮಿಬ್ಬರ ನಡುವೆ.

ಮಗಳಿಗೆ ಸದ್ಯಕ್ಕೆ ಹೇಳುವುದು ಬೇಡ ಎಂದು ಯಜಮಾನರು ಹಾದಿಯಲ್ಲಿ ಪಿಸುಗುಟ್ಟಿದರು. ಹಸಿ ಬಾಣಂತಿ, ಗಾಬರಿಯಾಗಬಾರದು. ನಾನೂ ಹೂಂ ಎಂದೆ. ನಿಜ ಹೇಳಬೇಕೆಂದರೆ ಬಾಣಂತಿಯ ಗಾಬರಿಗಿಂತ ಅವಳ ಸಿಟ್ಟಿಗೇ ನಾನು ಹೆದರಿದ್ದೆ. ಇನ್ನು ಮುಂದೆ ಮಕ್ಕಳನ್ನು ನಮ್ಮ ಕೈಗೆ ಕೊಡುವುದಿಲ್ಲ ಎಂದು ಅವಳು ಹೇಳುವ ಮಾತು ವಿಜಯಪುರ ದಾಟುವಾಗಲೇ ನನ್ನ ಕಿವಿಯಲ್ಲಿತ್ತು.

ಮನೆಯ ಹೊಸ್ತಿಲು ದಾಟುತ್ತಿದ್ದಂತೆ ಮೊಮ್ಮಗಳು ಓಡಿ ಹೋಗಿ, "ಮಮ್ಮಿ, ನಾ ಒಬ್ಬಾಕಿನ ಮುದ್ದೇಬಿಹಾಳಕ್ಕ ಹೋಗಿದ್ದೆ" ಎಂದಳು. ಕಿಟಕಿ, ಟವೆಲ್ಲು, ಬಿಸ್ಕೀಟು, ಕೂಗಿದ ಸಾಹೇಬರು, ಒಂದನ್ನೂ ಬಿಡದೆ ಹೇಳಿದಳು. ಯಜಮಾನರು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದರು. ನಾನು ಗೋಡೆಗೆ ಒರಗಿ ನಿಂತೆ. ಮಗಳು ಕೂಸಿಗೆ ಹಾಲು ಕುಡಿಸುತ್ತ ಎಲ್ಲವನ್ನೂ ಕೇಳಿದಳು.

"ನಿನಗ ಅಂಜಿಕಿ ಬರಲಿಲ್ಲ?" ಎಂದು ಕೇಳಿದಳು.

"ಇಲ್ಲ. ನಾ ಎರಡ ಸೀಟ ಹಿಡದಿದ್ದೆ" ಎಂದು ಹುಡುಗಿ ಹೇಳಿ ನನ್ನ ತಂಗಿಗೆ ಸುದ್ದಿ ಮುಟ್ಟಿಸಲು ಅಡುಗೆಮನೆಗೆ ಓಡಿದಳು.

ಬೈಗುಳಕ್ಕೆ ಕಾದೆ. ಮಗಳು ಬೈಯಲಿಲ್ಲ. ಕೂಸಿನ ತಲೆ ಸವರುತ್ತ, ನನ್ನ ಕಡೆ ನೋಡದೆ ಹೇಳಿದಳು: "ನನಗ ಬರತಿತ್ತವ್ವಾ."

"ಏನು?"

"ಅಂಜಿಕಿ. ಅಪ್ಪ ನನ್ನ ಕಿಡಕ್ಯಾಗ ಬಿಡತಿದ್ದ, ನೀವಿಬ್ರೂ ಕಾಣದಂಗ ಆಗತಿದ್ರಿ. ನೀವು ಬರೂತನಕ ಬಾಗಲಾ ನೋಡಕೋತ ಕುಂದರತಿದ್ದೆ. ಡ್ರೈವರ್ ಗಾಡಿ ಚಾಲೂ ಮಾಡಿದ್ರ ಉಚ್ಚಿ ಬಂದಂಗ ಆಗತಿತ್ತು. ಪ್ರತಿ ಸಲ."

"ಹೇಳಬೇಕಿಲ್ಲೇನವಾ ನನ್ನ ಮುಂದ?"

"ಹೆಂಗ ಹೇಳ್ಲಿ? ಒಳಗ ಬಂದಕೂಡ್ಲೆ ನೀ ನಕ್ಕೋತ, 'ನನ್ನ ಮಗಳು ಶಾಣ್ಯಾಕಿ, ಎಂಥಾ ಸೀಟ ಹಿಡದಾಳ ನೋಡ್ರಿ' ಅಂತ ಎಲ್ಲಾರ ಮುಂದ ಹೇಳತಿದ್ದಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಏನಾದರೂ ತಿರುಗಿ ಅನ್ನುತ್ತಿದ್ದೆ. ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸಲು ಬೆನ್ನು ತಟ್ಟತೊಡಗಿದಳು. ನಾನು ಅವಳ ಪಕ್ಕ ಹೋಗಿ ಕುಳಿತೆ. ಆ ಒಂದು ದಿನ ನನ್ನನ್ನು ಅಷ್ಟು ಹಿಂಡಿದ ಅಂಜಿಕೆಯನ್ನು ಇವಳು ಬಾಲ್ಯದುದ್ದಕ್ಕೂ ಟವೆಲ್ಲಿನ ಪಕ್ಕ ಕೂರಿಸಿಕೊಂಡು ಬಂದಿದ್ದಳು. ಬಾದಾಮಿಯ ಬಸ್ಸು, ಪಂಢರಪುರದ ಬಸ್ಸು, ಅವಳ ಅಜ್ಜಿಯ ಊರಿನ ಬಸ್ಸು, ಒಂದೊಂದನ್ನೇ ನೆನಪಿಗೆ ತಂದುಕೊಂಡೆ. ನಾನು ಬಾಗಿಲಿನಿಂದ ಒಳಗೆ ಬಂದಾಗ ಆ ಪುಟ್ಟ ಮುಖ ಹೇಗಿತ್ತು ಎಂದು ಕಾಣಲು ಪ್ರಯತ್ನಿಸಿದೆ. ಕಿಟಕಿಯ ಪಕ್ಕದ ಸೀಟುಗಳು ಒಂದೊಂದೂ ನೆನಪಿದ್ದವು. ಮುಖ ನೆನಪಿರಲಿಲ್ಲ.